ಹೊಸ ಟಿವಿಗೆ ಹಳೇ ಹೋಮ್ ಥಿಯೇಟರ್ ಜೋಡಿಸುವುದು ಹೇಗೆ?

ಮನೆಗೆ ಹೊಸ ಸ್ಮಾರ್ಟ್ ಟಿವಿ ಬಂದಿದೆ. ಚಿತ್ರ ಕಣ್ಣಿಗೆ ಹಬ್ಬ. ಸದ್ದು ಮಾತ್ರ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಟಿವಿ ತೆಳ್ಳಗಾದಷ್ಟೂ ಸ್ಪೀಕರಿಗೆ ಜಾಗ ಇಲ್ಲವಾಗಿದೆ, ಹಾಗಾಗಿ ಪುಟ್ಟ ಸ್ಪೀಕರುಗಳು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿ ಕೂತಿರುತ್ತವೆ. ಅಟ್ಟದ ಮೇಲೆ ಹಳೇ ಹೋಮ್ ಥಿಯೇಟರ್ ಇದೆಯಲ್ಲ, ಅದನ್ನೇ ಇಳಿಸಿ ಸಿಕ್ಕಿಸೋಣ ಅಂದರೆ ಒಂದು ಪಿನ್ನೂ ಹೊಂದುವುದಿಲ್ಲ. "ಯಾವ ಕೇಬಲ್ ತಗೊಳ್ಳಲಿ?" ಎಂದು ಓದುಗರು ಪದೇ ಪದೇ ಕೇಳುತ್ತಿದ್ದೀರಿ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲ ಮಾತು: ಈಗಲೇ ಕೇಬಲ್ ಕೊಳ್ಳಬೇಡಿ. ದುಡ್ಡು ಹೋಗುವುದು ಅಲ್ಲೇ. ಎರಡು ತುದಿ ತೂತಿಗೆ ಸರಿಯಾಗಿ ಕೂತರೆ ಸಾಕು, ಸದ್ದು ಬಂದೇ ಬರುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಬರುವುದಿಲ್ಲ. ಪಿನ್ನಿನ ಆಕಾರ ನೋಡುವ ಮುಂಚೆ ಎರಡು ವಿಷಯ ಗೊತ್ತಿರಬೇಕು. ಆ ತೂತಿನಿಂದ ಸದ್ದು ಹೊರಗೆ ಬರುತ್ತದೋ, ಒಳಗೆ ಹೋಗುತ್ತದೋ? ಬರುವ ಸದ್ದು ಡಿಜಿಟಲ್ಲೋ, ಅನಲಾಗೋ? ಡಿಜಿಟಲ್ ಅಂದರೆ ಸದ್ದನ್ನು ಸೊನ್ನೆ-ಒಂದರ ಲೆಕ್ಕವಾಗಿ ಕಳಿಸುವುದು. ಅನಲಾಗ್ ಅಂದರೆ ಸದ್ದಿನ ಏರಿಳಿತವನ್ನೇ ಕರೆಂಟಿನ ಏರಿಳಿತವಾಗಿ ಕಳಿಸುವುದು. ಹಳೇ ಆಂಪ್ಲಿಫೈಯರುಗಳಿಗೆ ಎರಡನೆಯದು ಮಾತ್ರ ಅರ್ಥವಾಗುತ್ತದೆ. ಹೊಸ ಟಿವಿಗಳು ಹೆಚ್ಚಾಗಿ ಮೊದಲನೆಯದನ್ನೇ ಕೊಡುತ್ತವೆ. ಜಗಳ ಇರುವುದು ಇಷ್ಟಕ್ಕೇ.

ಕೈಗೆ ಬೇಕಾದದ್ದು: ಒಂದು ಟಾರ್ಚ್, ಫೋನ್ ಕ್ಯಾಮೆರಾ, ಟಿವಿ ರಿಮೋಟ್, ಸ್ವಲ್ಪ ಬಿಳಿ ಟೇಪು, ಒಂದು ಪೆನ್ನು. ಕೇಬಲ್ ಮೂರನೇ ಹಂತ ಮುಗಿದ ಮೇಲೆ.

ಹಂತ 1: ಟಿವಿಯ ಬೆನ್ನು ನೋಡಿ

ಟಿವಿಯನ್ನು ಗೋಡೆಗೆ ಹಾಕಿದ್ದರೆ ಕತ್ತು ತೂರಿಸಿ ಒದ್ದಾಡಬೇಡಿ. ಫೋನನ್ನು ಹಿಂದಕ್ಕೆ ಹಿಡಿದು ಫ್ಲಾಶ್ ಹಾಕಿ ಫೋಟೊ ತೆಗೆಯಿರಿ. ಆಮೇಲೆ ಫೋಟೊ ದೊಡ್ಡದು ಮಾಡಿ ಪ್ರತಿ ತೂತಿನ ಪಕ್ಕದ ಸಣ್ಣ ಅಕ್ಷರ ಓದಿ. ಸದ್ದು ಹೊರಗೆ ಕೊಡುವ ತೂತುಗಳು ಇವು:

ಎಚ್‌ಡಿಎಂಐ ಎಆರ್‌ಸಿ: ಟಿವಿಯಲ್ಲಿ ಎರಡು-ಮೂರು ಎಚ್‌ಡಿಎಂಐ ತೂತು ಇರುತ್ತವೆ. ಇವೆಲ್ಲ ಸೆಟ್‌ಟಾಪ್ ಬಾಕ್ಸಿನಂಥ ಸಾಮಾನುಗಳಿಂದ ಚಿತ್ರ, ಸದ್ದು ಎರಡನ್ನೂ ಒಳಗೆ ತೆಗೆದುಕೊಳ್ಳಲು. ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಎಂದು ಬರೆದಿರುತ್ತದೆ. ಎಆರ್‌ಸಿ ಅಂದರೆ ಸದ್ದು ವಾಪಸ್ ಹೋಗುವ ದಾರಿ. ಆ ಒಂದು ತೂತಿನಿಂದ ಟಿವಿಯ ಸದ್ದು ಹಿಂದಕ್ಕೆ, ಅಂದರೆ ಹೋಮ್ ಥಿಯೇಟರ್ ಕಡೆಗೆ ಹೋಗಬಲ್ಲದು. ಇದು 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂತು. ಇದರ ದೊಡ್ಡಣ್ಣ ಇಎಆರ್‌ಸಿ 2017ರಲ್ಲಿ ಹೊರಬಂದ ಎಚ್‌ಡಿಎಂಐ 2.1ರ ಜೊತೆ.

ಆಪ್ಟಿಕಲ್: ಚೌಕಾಕಾರದ ಪುಟ್ಟ ತೂತು, ಸಣ್ಣ ಬಾಗಿಲಿರುತ್ತದೆ. ಟಿವಿ ಆನ್ ಇದ್ದಾಗ ಬಾಗಿಲ ಸಂದಿಯಿಂದ ಕೆಂಪು ಬೆಳಕು ಕಾಣಬಹುದು. ಸದ್ದು ಬೆಳಕಿನ ಮಿಣುಕಾಗಿ ಹೋಗುತ್ತದೆ. 1983ರಲ್ಲಿ ತೋಷಿಬಾ ತಂದದ್ದು, ಅದಕ್ಕೇ 'ಟಾಸ್‌ಲಿಂಕ್' ಅನ್ನುವ ಹೆಸರೂ ಇದೆ. ಇದೂ ಡಿಜಿಟಲ್ಲೇ.

ಹೆಡ್‌ಫೋನ್ ತೂತು: ಹಳೇ ಫೋನಿನಲ್ಲಿ ಇಯರ್‌ಫೋನ್ ಹಾಕುತ್ತಿದ್ದೆವಲ್ಲ, ಅದೇ 3.5 ಮಿಲಿಮೀಟರಿನದು. ಇದು ಅನಲಾಗ್. ನಿಮ್ಮ ಟಿವಿಯಲ್ಲಿ ಇದಿದ್ದರೆ ಅರ್ಧ ಕೆಲಸ ಆದಂತೆ.

ಇನ್ನು ಎಲ್ಲರೂ ಬೀಳುವ ಹಳ್ಳ. ಟಿವಿ ಹಿಂದೆ ಕೆಂಪು, ಬಿಳಿ, ಹಳದಿ ತೂತುಗಳಿದ್ದರೆ ಖುಷಿಯಾಗಿ ಅಲ್ಲಿಂದ ಹೋಮ್ ಥಿಯೇಟರಿಗೆ ವೈರ್ ಎಳೆದುಬಿಡುತ್ತೇವೆ. ಪಕ್ಕದಲ್ಲಿ ಏನು ಬರೆದಿದೆ ನೋಡಿ. ಹೊಸ ಟಿವಿಗಳಲ್ಲಿ ಹೆಚ್ಚಾಗಿ 'ಎವಿ ಇನ್' ಎಂದೇ ಇರುತ್ತದೆ. ಅಂದರೆ ಹಳೇ ಡಿವಿಡಿ ಪ್ಲೇಯರಿನಿಂದ ಟಿವಿಗೆ ಬರುವ ದಾರಿ. ಅಲ್ಲಿಂದ ಏನೂ ಹೊರಗೆ ಬರುವುದಿಲ್ಲ. ಒಳಗೆ ಬರುವ ಬಾಗಿಲಿನ ಮುಂದೆ ಬಿಂದಿಗೆ ಹಿಡಿದು ಕೂತ ಹಾಗೆ, ಎಷ್ಟು ಹೊತ್ತು ಕೂತರೂ ತುಂಬದು. ಕೆಲವು ಟಿವಿಗಳಲ್ಲಿ 3.5 ಮಿಲಿಮೀಟರಿನ ತೂತೂ 'ಎವಿ ಇನ್' ಆಗಿರುತ್ತದೆ, ಹೆಡ್‌ಫೋನ್ ತೂತಿನ ಅವಳಿ ಥರ ಕಾಣುತ್ತದೆ. ಪಕ್ಕದಲ್ಲಿ ಹೆಡ್‌ಫೋನ್ ಚಿತ್ರ ಇದ್ದರೆ ಮಾತ್ರ ನಂಬಿ.

ಹಂತ 2: ಹೋಮ್ ಥಿಯೇಟರ್ ಏನು ತೆಗೆದುಕೊಳ್ಳುತ್ತದೆ?

ಈಗ ಅಟ್ಟದಿಂದ ಇಳಿಸಿದ್ದರ ಹಿಂಭಾಗ, ಅದರದ್ದೂ ಒಂದು ಫೋಟೊ ತೆಗೆದಿಡಿ. ಮೊದಲು ದೂಳು ಒರೆಸಿ, ವೈರುಗಳನ್ನು ಒಮ್ಮೆ ಕೈಯಾಡಿಸಿ ನೋಡಿ. ಅಟ್ಟದಲ್ಲಿದ್ದ ವೈರನ್ನು ಇಲಿ ಕಡಿಯದೆ ಬಿಟ್ಟಿದ್ದರೆ ನಿಮ್ಮ ಅದೃಷ್ಟ. ಕರೆಂಟಿನ ವೈರ್ ಎಲ್ಲಾದರೂ ಸಿಪ್ಪೆ ಬಿಟ್ಟಿದ್ದರೆ ಅದನ್ನು ಬದಲಾಯಿಸುವವರೆಗೆ ಪ್ಲಗ್ಗಿಗೆ ಹಾಕಬೇಡಿ.

'ಆಕ್ಸ್' ಅಥವಾ 'ಲೈನ್ ಇನ್' ಎಂದು ಬರೆದ ಕೆಂಪು-ಬಿಳಿ ಜೋಡಿ ಬಹುತೇಕ ಎಲ್ಲದರಲ್ಲೂ ಇರುತ್ತದೆ. ಇವಕ್ಕೆ ಆರ್‌ಸಿಎ ಪಿನ್ ಎನ್ನುತ್ತಾರೆ, ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಕಂಪನಿಯ ಹೆಸರಿನಿಂದ ಬಂದದ್ದು. ಕೆಂಪು ಬಲಗಡೆಯ ಸ್ಪೀಕರಿಗೆ, ಬಿಳಿ ಎಡಗಡೆಗೆ. ಹಳದಿ ಚಿತ್ರಕ್ಕೆ, ನಮಗೀಗ ಅದರ ಕೆಲಸವಿಲ್ಲ. ಕೆಲವದರಲ್ಲಿ ಬಿಳಿಯ ಬದಲು ಕಪ್ಪು ಇರುತ್ತದೆ, ಗಾಬರಿ ಬೇಡ, ಅದೂ ಎಡವೇ.

5.1 ಸೆಟ್ ಆಗಿದ್ದರೆ ಆರು ಆರ್‌ಸಿಎ ತೂತುಗಳ ಸಾಲು ಇರಬಹುದು. 5.1 ಅಂದರೆ ಐದು ಸ್ಪೀಕರ್, ಒಂದು ವೂಫರ್. ಆರೂ ತೂತಿಗೆ ಬೇರೆ ಬೇರೆ ಆರು ಸದ್ದು ಬೇಕು. ಇದರಲ್ಲಿ ಎರಡಕ್ಕೆ ಮಾತ್ರ ವೈರ್ ಕೊಟ್ಟರೆ ಎರಡೇ ಸ್ಪೀಕರ್ ಮಾತಾಡುತ್ತವೆ, ವೂಫರ್ ಮೌನ. "ವೂಫರ್ ಕೆಟ್ಟಿದೆ" ಎಂದು ರಿಪೇರಿಗೆ ಒಯ್ಯುವ ಮುಂಚೆ ವೈರುಗಳನ್ನು ಈ ಸಾಲಿನಿಂದ ಕಿತ್ತು 'ಆಕ್ಸ್' ಜೋಡಿಗೆ ಹಾಕಿ ನೋಡಿ.

ಸ್ವಲ್ಪ ಹೊಸದಾಗಿದ್ದರೆ 'ಆಪ್ಟಿಕಲ್ ಇನ್' ಇರಬಹುದು, ಇಲ್ಲವೇ 'ಕೊಯಾಕ್ಸಿಯಲ್' ಎಂಬ ಒಂಟಿ ತೂತು. ಕೊಯಾಕ್ಸಿಯಲ್ ನೋಡಲು ಆರ್‌ಸಿಎ ಥರವೇ, ಆದರೆ ಒಳಗೆ ಹೋಗುವುದು ಡಿಜಿಟಲ್. ಕೆಂಪು-ಬಿಳಿ ವೈರಿನ ಒಂದು ತುದಿಯನ್ನು ಇದಕ್ಕೆ ಹಾಕಿದರೆ ಏನೂ ಕೇಳಿಸದು.

ಎಚ್‌ಡಿಎಂಐ ಇರುವ ಡಿವಿಡಿ ಹೋಮ್ ಥಿಯೇಟರಿನವರೇ, ನಿಮಗೊಂದು ಮಾತು. ಆ ಎಚ್‌ಡಿಎಂಐ ಪಕ್ಕ 'ಔಟ್' ಎಂದಷ್ಟೇ ಬರೆದು, 'ಎಆರ್‌ಸಿ' ಇಲ್ಲದಿದ್ದರೆ, ಅದು ಡಿವಿಡಿಯ ಚಿತ್ರವನ್ನು ಟಿವಿಗೆ ಕಳಿಸಲು ಮಾತ್ರ. ಟಿವಿಯ ಸದ್ದು ಅದರಿಂದ ವಾಪಸ್ ಬರುವುದಿಲ್ಲ, ಎಷ್ಟೇ ದುಬಾರಿ ಕೇಬಲ್ ತಂದರೂ ಅಷ್ಟೇ. 2009ಕ್ಕಿಂತ ಹಳೆಯದಾದರೆ ಎಆರ್‌ಸಿ ಹುಡುಕುವ ಶ್ರಮವನ್ನೂ ಪಡಬೇಡಿ.

ಹಳೇ ದೊಡ್ಡ ಸ್ಟೀರಿಯೋ ಆಂಪ್ಲಿಫೈಯರ್ ಆಗಿದ್ದರೆ 'ಫೋನೋ' ಎಂದು ಬರೆದ ಜೋಡಿ ಇರುತ್ತದೆ. ಅದು ಗ್ರಾಮಫೋನ್ ತಟ್ಟೆ ಹಾಕುವ ಟರ್ನ್‌ಟೇಬಲ್ಲಿಗೆ. ಅದರ ಸೂಜಿಯಿಂದ ಬರುವ ಸದ್ದು ತೀರಾ ಕ್ಷೀಣ, ಅದಕ್ಕೆ ಆ ತೂತು ಸದ್ದನ್ನು ಬಹಳ ಹಿಗ್ಗಿಸುತ್ತದೆ. ಟಿವಿಯನ್ನು ಅಲ್ಲಿಗೆ ಹಾಕಿದರೆ ಕಿವಿ ಹರಿಯುವಂತೆ ಒಡಕು ಸದ್ದು. 'ಟೇಪ್', 'ಸಿಡಿ', 'ಆಕ್ಸ್' ಯಾವುದಾದರೂ ಆಗಬಹುದು. ಫೋನೋ ಒಂದು ಬೇಡ.

ಹಂತ 3: ದಾರಿ ಆರಿಸಿ

ಎರಡೂ ಫೋಟೊ ಪಕ್ಕಪಕ್ಕ ಇಟ್ಟು ನೋಡಿ. ಮೇಲಿನಿಂದ ಕೆಳಕ್ಕೆ ಬನ್ನಿ, ಮೊದಲು ಹೊಂದುವುದೇ ನಿಮ್ಮ ದಾರಿ.

ಎರಡೂ ಕಡೆ ಎಆರ್‌ಸಿ ಇದೆಯೇ? ಎಚ್‌ಡಿಎಂಐ ಕೇಬಲ್ ಒಂದೇ ಸಾಕು. ಟಿವಿ ರಿಮೋಟಿನಿಂದಲೇ ವಾಲ್ಯೂಮ್ ಏರಿಳಿಸಬಹುದು. ಸದ್ದಿಗಾಗಿ 'ಎಂಟು ಕೆ' ಎಂದು ಬರೆದ ದುಬಾರಿ ಕೇಬಲ್ ಬೇಕಿಲ್ಲ, ಮನೆಯಲ್ಲಿರುವ ಒಳ್ಳೆಯ ಕೇಬಲ್ಲಿನಲ್ಲೇ ಮೊದಲು ನೋಡಿ.

ಎರಡೂ ಕಡೆ ಆಪ್ಟಿಕಲ್ ಇದೆಯೇ? ಆಪ್ಟಿಕಲ್ ಕೇಬಲ್. ಡಾಲ್ಬಿ ಡಿಜಿಟಲ್ 5.1, ಅಂದರೆ ಆರೂ ಸದ್ದನ್ನು ಒಂದೇ ಗಂಟು ಕಟ್ಟಿ ಕಳಿಸುವ ಬಗೆ, ಅದೂ ಹೋಗುತ್ತದೆ. ತಲೆಯ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ಅಟ್ಮಾಸ್ ಹೋಗುವುದಿಲ್ಲ, ಅಷ್ಟು ಅಗಲದ ದಾರಿ ಅದಲ್ಲ. ಹಳೇ ಸೆಟ್ಟಿಗೆ ಅದು ಬೇಕಾಗಿಯೂ ಇಲ್ಲ ಬಿಡಿ.

ಟಿವಿಯಲ್ಲಿ ಹೆಡ್‌ಫೋನ್ ತೂತು, ಆ ಕಡೆ ಕೆಂಪು-ಬಿಳಿ ಇದೆಯೇ? ಒಂದು ತುದಿ 3.5 ಮಿಲಿಮೀಟರ್, ಇನ್ನೊಂದು ತುದಿ ಎರಡು ಆರ್‌ಸಿಎ ಇರುವ ವೈರ್ ಸಾಕು. ಅಂಗಡಿಯಲ್ಲಿ 'ಸ್ಟೀರಿಯೋ ಟು ಆರ್‌ಸಿಎ' ಎಂದು ಕೇಳಿ. ಎಲ್ಲಕ್ಕಿಂತ ಅಗ್ಗದ ದಾರಿ.

ಟಿವಿಯಲ್ಲಿ ಆಪ್ಟಿಕಲ್ ಮಾತ್ರ, ಆ ಕಡೆ ಕೆಂಪು-ಬಿಳಿ ಮಾತ್ರ ಇದೆಯೇ? ನಿಮ್ಮಲ್ಲಿ ಜಾಸ್ತಿ ಜನರ ಕಥೆ ಇದೇ. ನಡುವೆ ಒಬ್ಬ ದುಭಾಷಿ ಬೇಕು. ಅದರ ಹೆಸರು ಡ್ಯಾಕ್: ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿ. ಒಂದು ಕಡೆ ಆಪ್ಟಿಕಲ್ ಒಳಗೆ, ಇನ್ನೊಂದು ಕಡೆ ಕೆಂಪು-ಬಿಳಿ ಹೊರಗೆ, ಯುಎಸ್‌ಬಿಯಿಂದ ಕರೆಂಟು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ ಡಬ್ಬಿಯ ಜೊತೆ ಆಪ್ಟಿಕಲ್ ಕೇಬಲ್ ಇದೆಯೇ ಎಂದು ನೋಡಿ. ಮುಖ್ಯವಾಗಿ 'ಡಿಜಿಟಲ್ ಟು ಅನಲಾಗ್' ಎಂದೇ ಬರೆದಿರಬೇಕು. 'ಅನಲಾಗ್ ಟು ಡಿಜಿಟಲ್' ಡಬ್ಬಿಯೂ ಥೇಟ್ ಹಾಗೇ ಕಾಣುತ್ತದೆ, ಮಾಡುವುದು ಉಲ್ಟಾ ಕೆಲಸ.

ಟಿವಿಯಲ್ಲಿ ಎಆರ್‌ಸಿ ಬಿಟ್ಟು ಬೇರೆ ದಾರಿಯೇ ಇಲ್ಲವೇ? 'ಎಆರ್‌ಸಿ' ಎಂದು ಸ್ಪಷ್ಟವಾಗಿ ಬರೆದಿರುವ ಡ್ಯಾಕ್ ಕೂಡ ಬರುತ್ತದೆ. ಬರೀ 'ಎಚ್‌ಡಿಎಂಐ ಟು ಎವಿ' ಎಂಬ ಡಬ್ಬಿ ತರಬೇಡಿ. ಅದು ಸೆಟ್‌ಟಾಪ್ ಬಾಕ್ಸಿನಂಥ ಹೊರಗೆ ಕೊಡುವ ಸಾಮಾನಿಗೆ. ಟಿವಿಯ ಎಚ್‌ಡಿಎಂಐ ತೂತಿಗೆ ಹಾಕಿದರೆ ಉಪಯೋಗವಿಲ್ಲ.

ಕೊನೆಗೆ ಬ್ಲೂಟೂತ್. ವೈರಿನ ಗೋಜಿಲ್ಲ, ನಿಜ. ಹಾಡು ಕೇಳಲು ಪರವಾಗಿಲ್ಲ. ಸಿನಿಮಾ, ಕ್ರಿಕೆಟ್ ನೋಡುವಾಗ ಮಾತ್ರ ಸದ್ದು ಹಿಂದೆ ಬೀಳುತ್ತದೆ. ಬ್ಯಾಟಿಗೆ ಚೆಂಡು ತಾಗಿದ ಮೇಲೆ 'ಟಕ್' ಕೇಳಿಸುತ್ತದೆ. ನನಗಂತೂ ತಡೆಯಲಾಗುವುದಿಲ್ಲ.

ಅಂಗಡಿಗೆ ಹೋದಾಗ ಒಂದು ವಸ್ತುವಿನಿಂದ ದೂರ ಇರಿ: ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಕೆಂಪು-ಬಿಳಿ-ಹಳದಿ ಇರುವ ಬರೀ ವೈರ್. ನಡುವೆ ಡಬ್ಬಿ ಇಲ್ಲ, ಕರೆಂಟಿಗೆ ಯುಎಸ್‌ಬಿ ಇಲ್ಲ. ಡಿಜಿಟಲ್ಲನ್ನು ಅನಲಾಗ್ ಮಾಡಲು ಒಳಗೊಂದು ಚಿಪ್ ಬೇಕೇ ಬೇಕು. ಬರೀ ತಾಮ್ರದ ವೈರ್ ಆ ಕೆಲಸ ಮಾಡದು. ಆದರೂ ಇದು ಎಲ್ಲ ಕಡೆ ಮಾರಾಟಕ್ಕಿದೆ, ಜನ ತರುತ್ತಲೂ ಇದ್ದಾರೆ.

ಹಂತ 4: ಜೋಡಿಸಿ

ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡಿ. ಹೋಮ್ ಥಿಯೇಟರಿನ ವಾಲ್ಯೂಮ್ ಸೊನ್ನೆಗೆ ತಿರುಗಿಸಿ. ಆನ್ ಇರುವಾಗಲೇ ಆರ್‌ಸಿಎ ಪಿನ್ ಸಿಕ್ಕಿಸಿದರೆ 'ಢಂ' ಅನ್ನುತ್ತದೆ, ಸ್ಪೀಕರಿಗೆ ಪೆಟ್ಟಾಗಬಹುದು.

ಆಪ್ಟಿಕಲ್ ಕೇಬಲ್ಲಿನ ಎರಡೂ ತುದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಒಮ್ಮೊಮ್ಮೆ ಗಾಜಿನಂತೆ ಪಾರದರ್ಶಕ. ಅದನ್ನು ಕೀಳಿ. ನಗಬೇಡಿ, ಮೊದಲ ಸಲ ನಾನೇ ಟೋಪಿ ಸಮೇತ ತುರುಕಲು ನೋಡಿ ಅರ್ಧ ಗಂಟೆ ಒದ್ದಾಡಿದ್ದೇನೆ. ಆಮೇಲೆ ಪಿನ್ನಿನ ಆಕಾರ ಗಮನಿಸಿ: ಚೌಕದ ಎರಡು ಮೂಲೆ ಸ್ವಲ್ಪ ಕತ್ತರಿಸಿದಂತಿರುತ್ತವೆ. ತೂತಿನ ಆಕಾರಕ್ಕೆ ಹೊಂದಿಸಿ ಮೆತ್ತಗೆ ಒತ್ತಿದರೆ 'ಕ್ಲಿಕ್' ಎನ್ನುತ್ತದೆ. ಬಲ ಹಾಕಿದರೆ ಬಾಗಿಲು ಮುರಿಯುತ್ತದೆ. ಕೇಬಲ್ಲನ್ನು ಮಡಚಬೇಡಿ, ಮೇಜಿನ ಕಾಲಡಿ ಸಿಕ್ಕಿಸಬೇಡಿ. ಒಳಗಿರುವುದು ಬೆಳಕು ಹೋಗುವ ಎಳೆ, ಮಡಿಕೆ ಬಿದ್ದರೆ ಸದ್ದು ಕಡಿಯುತ್ತದೆ.

ಡ್ಯಾಕ್ ಇದ್ದರೆ ಅದರ ಯುಎಸ್‌ಬಿಯನ್ನು ಟಿವಿಯ ಯುಎಸ್‌ಬಿ ತೂತಿಗೆ ಹಾಕಬಹುದು. ಟಿವಿ ಆಫ್ ಆದಾಗ ಹೆಚ್ಚಾಗಿ ಅದೂ ಆಫ್ ಆಗುತ್ತದೆ, ಅನುಕೂಲ. ಸದ್ದಿನಲ್ಲಿ ಚಿರ್ ಚಿರ್ ಅನ್ನುವ ಗಲಾಟೆ ಸೇರಿಕೊಂಡರೆ ಹಳೇ ಫೋನ್ ಚಾರ್ಜರಿಗೆ ಬದಲಾಯಿಸಿ.

ಹೆಡ್‌ಫೋನ್ ತೂತಿನ ದಾರಿಯಾದರೆ ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ. ಎರಡಿದ್ದರೆ ಸ್ಟೀರಿಯೋ, ನಮಗೆ ಬೇಕಾದದ್ದು. ಮೂರಿದ್ದರೆ ಅದು ಚಿತ್ರವೂ ಸೇರಿದ ಎವಿ ವೈರ್, ಸೆಟ್‌ಟಾಪ್ ಬಾಕ್ಸುಗಳ ಜೊತೆ ಬರುವಂಥದ್ದು. ಅದನ್ನು ಹಾಕಿದರೆ ಒಂದೇ ಕಡೆ ಸದ್ದು, ಇಲ್ಲವೇ ಗುಂಯ್ ಎನ್ನುವ ಸದ್ದು.

ಸ್ಪೀಕರ್ ವೈರುಗಳನ್ನು ಬಿಚ್ಚಿಟ್ಟಿದ್ದರೆ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರಿನಲ್ಲಿ ಅದಲುಬದಲಾದರೂ ಸದ್ದು ಬರುತ್ತದೆ, ಆದರೆ ಬೇಸ್ ಸೊರಗಿ ಹೋಗುತ್ತದೆ. ಬಿಡಿ ಎಳೆಗಳು ಪಕ್ಕದ ವೈರಿಗೆ ತಾಗದಂತೆ ತಿರುಚಿ ಹಾಕಿ, ತಾಗಿದರೆ ಆಂಪ್ಲಿಫೈಯರ್ ಸುಟ್ಟೀತು.

ಹಂತ 5: ಟಿವಿಯ ಸೆಟ್ಟಿಂಗ್

ವೈರ್ ಹಾಕಿದ ತಕ್ಷಣ ಸದ್ದು ಬರಲಿಲ್ಲವೆಂದು ಕೇಬಲ್ ವಾಪಸ್ ಕಳಿಸಬೇಡಿ. ಎಷ್ಟೋ ಸಲ ತಪ್ಪು ಈ ಹಂತದಲ್ಲಿ ಇರುತ್ತದೆ.

ಮೊದಲು ಹೋಮ್ ಥಿಯೇಟರಿನ 'ಇನ್‌ಪುಟ್' ಅಥವಾ 'ಸೋರ್ಸ್' ಗುಂಡಿ ಒತ್ತಿ, ನೀವು ವೈರ್ ಹಾಕಿದ ತೂತಿನ ಹೆಸರಿಗೆ ತನ್ನಿ. ಎಫ್‌ಎಂನಲ್ಲೋ ಯುಎಸ್‌ಬಿಯಲ್ಲೋ ಕೂತಿದ್ದರೆ ಟಿವಿ ಸದ್ದು ಬಾರದು.

ಆಮೇಲೆ ಟಿವಿಯಲ್ಲಿ ಸೆಟ್ಟಿಂಗ್ಸ್, ಸೌಂಡ್, ಸೌಂಡ್ ಔಟ್‌ಪುಟ್. ಅಲ್ಲಿ 'ಟಿವಿ ಸ್ಪೀಕರ್' ಬದಲು ನಿಮ್ಮ ದಾರಿ ಆರಿಸಿ.

ಅದರ ಆಸುಪಾಸಿನಲ್ಲೇ 'ಡಿಜಿಟಲ್ ಔಟ್‌ಪುಟ್ ಫಾರ್ಮ್ಯಾಟ್' ಎಂಬುದಿರುತ್ತದೆ. ಅದರಲ್ಲಿ ಆಟೋ, ಪಾಸ್ ಥ್ರೂ, ಡಾಲ್ಬಿ ಡಿಜಿಟಲ್, ಪಿಸಿಎಂ ಹೀಗೆ ಕಾಣುತ್ತವೆ. ಪಿಸಿಎಂ ಅಂದರೆ ಗಂಟು ಕಟ್ಟದೆ ನೇರವಾಗಿ ಕಳಿಸಿದ ಡಿಜಿಟಲ್ ಸದ್ದು. ಅಗ್ಗದ ಡ್ಯಾಕ್‌ಗಳಿಗೆ ಇದೊಂದೇ ಅರ್ಥವಾಗುವುದು. ಡಾಲ್ಬಿಯ ಗಂಟು ಬಿಚ್ಚಲು ಅವಕ್ಕೆ ಬರದು. ಸೆಟ್‌ಟಾಪ್ ಬಾಕ್ಸಿನ ಚಾನೆಲ್ಲಿಗೆ ಸದ್ದು ಬರುತ್ತದೆ, ಒಟಿಟಿ ಸಿನಿಮಾ ಹಾಕಿದರೆ ಪೂರ್ತಿ ಮೌನ ಅಥವಾ ಕರಕರ ಎನ್ನುವ ಸದ್ದು, ಹೀಗಾಗುತ್ತಿದೆಯೇ? ಆ ಸಿನಿಮಾದ ಸದ್ದು ಡಾಲ್ಬಿಯಲ್ಲಿದೆ, ಟಿವಿ ಅದನ್ನು ಗಂಟು ಸಮೇತ ಕಳಿಸುತ್ತಿದೆ. ಪಿಸಿಎಂಗೆ ಬದಲಾಯಿಸಿ, ಸರಿಯಾಗುತ್ತದೆ. ಹೋಮ್ ಥಿಯೇಟರಿನ ಮೇಲೆ ಡಾಲ್ಬಿ ಡಿಜಿಟಲ್ ಗುರುತಿದ್ದು, ಆಪ್ಟಿಕಲ್ ನೇರವಾಗಿ ಹಾಕಿದ್ದರೆ ಉಲ್ಟಾ: ಅಲ್ಲಿ 'ಡಾಲ್ಬಿ ಡಿಜಿಟಲ್' ಅಥವಾ 'ಆಟೋ' ಇಡಿ. ಆಪ್ಟಿಕಲ್ಲಿನಲ್ಲಿ ಪಿಸಿಎಂ ಇಟ್ಟರೆ ಎರಡು ಕಡೆಯ ಸದ್ದು ಮಾತ್ರ ಹೋಗುತ್ತದೆ, 5.1 ಸಿಗದು.

ಎಆರ್‌ಸಿ ಹಾಕಿದವರಿಗೆ ಇನ್ನೊಂದು ಸ್ವಿಚ್ಚು. ಸಿಇಸಿ ಅಂದರೆ ಎಚ್‌ಡಿಎಂಐ ಮೂಲಕ ಸಾಮಾನುಗಳು ಒಂದಕ್ಕೊಂದು ಆಜ್ಞೆ ಕೊಡುವ ವ್ಯವಸ್ಥೆ. ಸಾಮಾನ್ಯವಾಗಿ ಅದು ಆನ್ ಇದ್ದರೆ ಮಾತ್ರ ಎಆರ್‌ಸಿ ಕೆಲಸ ಮಾಡುತ್ತದೆ. ತೊಂದರೆ ಏನೆಂದರೆ ಪ್ರತಿ ಕಂಪನಿಯೂ ಇದಕ್ಕೆ ತನ್ನದೇ ಹೆಸರಿಟ್ಟಿದೆ. ಸ್ಯಾಮ್‌ಸಂಗಿನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರೇವಿಯಾ ಸಿಂಕ್. ಹುಡುಕಿ ಆನ್ ಮಾಡಿ. ಆದರೂ ಸದ್ದಿಲ್ಲವೇ? ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲಿ ಆಫ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಅದು ಬರೀ ನಿದ್ದೆ.

ಆಪ್ಟಿಕಲ್ ದಾರಿಯಲ್ಲಿ ಟಿವಿ ರಿಮೋಟಿನಿಂದ ವಾಲ್ಯೂಮ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಅದು ಕೆಟ್ಟಿರುವುದಲ್ಲ. ಹೋಮ್ ಥಿಯೇಟರಿನ ರಿಮೋಟ್ ಹುಡುಕಿಡಿ. ಹೆಡ್‌ಫೋನ್ ದಾರಿಯಲ್ಲಿ ಎರಡೂ ವಾಲ್ಯೂಮ್ ಕೆಲಸ ಮಾಡುತ್ತವೆ. ಟಿವಿಯದನ್ನು ಮುಕ್ಕಾಲಿಗೆ ಇಟ್ಟು ಉಳಿದದ್ದನ್ನು ಆಂಪ್ಲಿಫೈಯರಿನಲ್ಲಿ ಏರಿಸಿ. ಟಿವಿಯದು ತೀರಾ ಕಡಿಮೆ ಇಟ್ಟು ಆಂಪ್ಲಿಫೈಯರ್ ಪೂರ್ತಿ ತಿರುಗಿಸಿದರೆ ಸದ್ದಿನ ಜೊತೆ 'ಹುಸ್ಸ್' ಕೂಡ ದೊಡ್ಡದಾಗುತ್ತದೆ.

ಹಂತ 6: ಸದ್ದು ಬಂತು, ಆದರೆ...

ಗುಂಯ್ ಎನ್ನುವ ಸದ್ದು: ದೂರದಲ್ಲಿ ಜೇನು ಎದ್ದ ಹಾಗೆ ಬಿಡದೆ ಕೇಳುವ ಈ ಸದ್ದು ನಮ್ಮ ಮನೆ ಕರೆಂಟಿನ 50 ಹರ್ಟ್ಸ್‌ನದು. ಟಿವಿ, ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಬೇರೆ ಬೇರೆ ಕಡೆ ಅರ್ಥ್ ಆಗಿ, ನಡುವಿನ ವೈರಿನಲ್ಲಿ ಸಣ್ಣ ಕರೆಂಟು ಸುತ್ತತೊಡಗಿದರೆ ಹೀಗಾಗುತ್ತದೆ. ಪರೀಕ್ಷೆ ಸುಲಭ. ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಶ್ ಅಥವಾ ಕೇಬಲ್ ಟಿವಿಯ ವೈರನ್ನು ಬಿಚ್ಚಿ ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿಬಿದ್ದ. ಟಿವಿ, ಬಾಕ್ಸು, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಕೆಂಪು-ಬಿಳಿ ವೈರಿನ ನಡುವೆ ಹಾಕುವ 'ಗ್ರೌಂಡ್ ಲೂಪ್ ಐಸೊಲೇಟರ್' ಎಂಬ ಸಣ್ಣ ಡಬ್ಬಿ ಸಿಗುತ್ತದೆ. ಇಲ್ಲವೇ ಆಪ್ಟಿಕಲ್ ದಾರಿ ಹಿಡಿಯಿರಿ, ಅದರಲ್ಲಿ ಲೋಹವೇ ಇಲ್ಲ, ಕರೆಂಟು ದಾಟುವಂತಿಲ್ಲ. ಡ್ಯಾಕ್ ಇದ್ದರೆ ಅದಕ್ಕೆ ಕರೆಂಟನ್ನು ಟಿವಿಯಿಂದ ಕೊಡದೆ ಚಾರ್ಜರಿನಿಂದ ಕೊಡಿ, ಇಲ್ಲದಿದ್ದರೆ ಯುಎಸ್‌ಬಿ ವೈರೇ ಮತ್ತೆ ಸೇತುವೆಯಾಗುತ್ತದೆ.

ಒಂದು ಕೆಲಸ ಮಾತ್ರ ಬೇಡವೇ ಬೇಡ. "ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಕಿತ್ತುಬಿಡಿ, ಸದ್ದು ನಿಲ್ಲುತ್ತದೆ" ಎಂದು ಸಲಹೆ ಕೊಡುವವರಿದ್ದಾರೆ. ಸದ್ದು ನಿಲ್ಲಲೂಬಹುದು. ಆದರೆ ಆ ಪಿನ್ ಇರುವುದು ಒಳಗೆ ಕರೆಂಟು ಸೋರಿದರೆ ನಿಮಗೆ ಶಾಕ್ ಹೊಡೆಯದಿರಲಿ ಎಂದು. ಲೋಹದ ಆಂಪ್ಲಿಫೈಯರ್, ಮಕ್ಕಳು ಮುಟ್ಟುವ ಮನೆ. ಕೀಳಬೇಡಿ.

ಮಾತು ತುಟಿಗೆ ಹೊಂದುತ್ತಿಲ್ಲ: ಟಿವಿಯಲ್ಲಿ 'ಎವಿ ಸಿಂಕ್' ಅಥವಾ 'ಆಡಿಯೋ ಡಿಲೇ' ಹುಡುಕಿ. ಸುದ್ದಿ ಓದುವವರ ಮುಖ ನೋಡುತ್ತ ಸ್ವಲ್ಪ ಸ್ವಲ್ಪವೇ ಹೊಂದಿಸಿ, ಸಿನಿಮಾ ಬೇಡ, ಡಬ್ಬಿಂಗ್ ಆಗಿದ್ದರೆ ಏನು ಮಾಡಿದರೂ ಹೊಂದದು. ಈ ಸೆಟ್ಟಿಂಗಿನಿಂದ ಸದ್ದನ್ನು ತಡಮಾಡಬಹುದೇ ಹೊರತು, ಈಗಾಗಲೇ ತಡವಾಗಿ ಬರುತ್ತಿರುವುದನ್ನು ಸಾಮಾನ್ಯವಾಗಿ ಬೇಗ ತರಿಸಲಾಗದು. ಸದ್ದು ಹಿಂದೆ ಬೀಳುತ್ತಿದ್ದರೆ ಹೋಮ್ ಥಿಯೇಟರಿನಲ್ಲಿ ಸರೌಂಡ್, ಹಾಲ್ ಎಂಬಂಥ ಪರಿಣಾಮಗಳನ್ನು ಆಫ್ ಮಾಡಿ ನೋಡಿ.

ಟಿವಿಯಿಂದಲೂ ಸದ್ದು, ಹೋಮ್ ಥಿಯೇಟರಿನಿಂದಲೂ ಸದ್ದು, ಬಾವಿಯೊಳಗೆ ಮಾತಾಡಿದಂತೆ ಪ್ರತಿಧ್ವನಿ: ಸೌಂಡ್ ಔಟ್‌ಪುಟ್‌ನಲ್ಲಿ ಟಿವಿ ಸ್ಪೀಕರ್ ಇನ್ನೂ ಆನ್ ಇದೆ. ಆಫ್ ಮಾಡಿ, ಅಷ್ಟೇ.

ಒಂದೇ ಕಡೆಯ ಸ್ಪೀಕರ್ ಮಾತಾಡುತ್ತಿದೆ: ಆಂಪ್ಲಿಫೈಯರಿನ ಕಡೆ ಕೆಂಪು, ಬಿಳಿ ಪಿನ್‌ಗಳನ್ನು ಅದಲುಬದಲು ಮಾಡಿ. ಮೌನ ಇನ್ನೊಂದು ಸ್ಪೀಕರಿಗೆ ಹೋದರೆ ತಪ್ಪು ವೈರ್ ಅಥವಾ ಟಿವಿ ಕಡೆ. ಅದೇ ಸ್ಪೀಕರ್ ಸುಮ್ಮನಿದ್ದರೆ ತಪ್ಪು ಆಂಪ್ಲಿಫೈಯರ್ ಅಥವಾ ಆ ಸ್ಪೀಕರಿನದು. ರಿಪೇರಿಗೆ ಯಾವುದನ್ನು ಒಯ್ಯಬೇಕು ಎಂದಾದರೂ ತಿಳಿಯಿತಲ್ಲ.

ಎಲ್ಲ ಸರಿಯಾದ ಮೇಲೆ ಆ ಬಿಳಿ ಟೇಪು ತೆಗೆಯಿರಿ. ಪ್ರತಿ ವೈರಿನ ಎರಡೂ ತುದಿಗೆ ಸುತ್ತಿ, ಎಲ್ಲಿಂದ ಎಲ್ಲಿಗೆ ಎಂದು ಬರೆಯಿರಿ. ಇನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಿ. ದೀಪಾವಳಿಗೆ ಸುಣ್ಣಬಣ್ಣ ಮಾಡಲು ಎಲ್ಲ ಬಿಚ್ಚುತ್ತೀರಲ್ಲ, ಆಗ ಬೇಕಾಗುತ್ತದೆ.